ಆರಾಮ? ಆರಾಮ. ಮತ್ತ?

ಸೋಮವಾರ ಬೆಳಿಗ್ಗೆ ನಾನಿನ್ನೂ ಹಲ್ಲುಜ್ಜುವ ಮೊದಲೇ ನನ್ನ ಮೊಬೈಲಿನ ಪರದೆಯ ಮೇಲೆ ಹಳದಿ ಬಣ್ಣದ ದುಂಡನೆಯ ಮುಖವೊಂದು ಮೂಡಿ, ‘ಇಂದು ಹೇಗಿದ್ದೀರಿ?’ ಎಂದು ಕೇಳುತ್ತದೆ. ಕೇಳಿದ ಮೇಲೆ ಉತ್ತರಕ್ಕೆ ಕಾಯುವ ಸೌಜನ್ಯವಾದರೂ ಬೇಡವೇ? ನಗುವ ಮುಖದಿಂದ ಅಳುವ ಮುಖದವರೆಗೆ ಕೆಲವು ಉತ್ತರಗಳನ್ನು ತಾನೇ ಸಾಲಾಗಿ ಜೋಡಿಸಿಟ್ಟು, ಇವುಗಳಲ್ಲಿ ಒಂದನ್ನು ಒತ್ತು ಎಂದು ಅಪ್ಪಣೆ ಮಾಡುತ್ತದೆ. ಒತ್ತದಿದ್ದರೆ ಹಾಜರಿ ಬೀಳುವುದಿಲ್ಲ. ಆದ್ದರಿಂದ ನಾನು ಪ್ರತಿ ಸೋಮವಾರವೂ ಕಣ್ಣುಜ್ಜಿಕೊಳ್ಳುತ್ತ, ಒಳಗೊಳಗೇ ಕುದಿಯುತ್ತ, ನಗುವ ಮುಖವನ್ನೇ ಒತ್ತುತ್ತೇನೆ. ಸಿಟ್ಟಿನಿಂದ ಒತ್ತಿದ ನಗುವನ್ನೂ ಆ ಯಂತ್ರ ನಗುವೆಂದೇ ಬರೆದುಕೊಳ್ಳುತ್ತದೆ. ಆ ಮಟ್ಟಿಗೆ ಅದು ನಮ್ಮ ಹೆಡ್ ಆಫೀಸಿಗೆ ಹೇಳಿ ಮಾಡಿಸಿದ ಯಂತ್ರ.

ನಾನು ಗೋಕಾಕದಲ್ಲಿ ಒಂದು ಬೀಜದ ಕಂಪನಿಯ ನೌಕರ. ಗೋವಿನಜೋಳ, ಸೂರ್ಯಕಾಂತಿ, ಬದನೆ, ಮೆಣಸಿನಕಾಯಿಗಳ ಬೀಜವನ್ನು ಪೊಟ್ಟಣ ಕಟ್ಟಿ ಮಾರುವುದು ಕಂಪನಿಯ ಕೆಲಸ. ಮಾರಿದ ಬೀಜ ಯಾಕೆ ಮೊಳೆಯಲಿಲ್ಲವೆಂದು ರೈತರು ಕೇಳಿದಾಗ ಸಮಾಧಾನ ಹೇಳುವುದು ನಮ್ಮ ಕೆಲಸ. ಗೋಕಾಕ, ಮೂಡಲಗಿ, ಹುಕ್ಕೇರಿಗಳಲ್ಲಿ ನಮಗೆ ಒಂದೊಂದು ಬಾಡಿಗೆಯ ಕೋಣೆಯುಂಟು, ಮೂರಕ್ಕೂ ನಾನೇ ‘ಟೀಮ್ ಲೀಡರ್’. ಕನ್ನಡದಲ್ಲಿ ಇದಕ್ಕೆ ಮುಂದಾಳು ಎಂಬ ಗಂಭೀರವಾದ ಶಬ್ದವಿದೆ. ಆದರೆ ಆ ಶಬ್ದವನ್ನು ಬಿಡಿಸಿ ನೋಡಿದರೆ ಉಳಿಯುವುದು ಮುಂದೆ ನಿಂತ ಆಳು ಎಂಬ ಅರ್ಥವಷ್ಟೇ. ಮೇಲಿನವರಿಗೆ ಬೈಯಬೇಕೆನಿಸಿದಾಗ ಮೊದಲು ಕೈಗೆ ಸಿಗುವವನು ಆತ; ಕೆಳಗಿನವರಿಗೆ ಬೈಯಬೇಕೆನಿಸಿದಾಗಲೂ ಆತನೇ.

ಬೆಂಗಳೂರಿನ ಹೆಡ್ ಆಫೀಸಿನವರು ಒಂದು ದಿನ ‘ಇನ್ನು ಮುಂದೆ ನಾವೆಲ್ಲ ಹೈಬ್ರಿಡ್’ ಎಂದು ಘೋಷಿಸಿದರು. ಬೀಜದ ಕಂಪನಿಯಲ್ಲಿ ಕೂತು ಆಡುವ ಮಾತೇ ಇದು? ಮೂಡಲಗಿಯ ಕೋಣೆಯನ್ನು ನೋಡಿಕೊಳ್ಳುವ ಬಸವಂತಪ್ಪ ತಕ್ಷಣ ನನಗೆ ಫೋನು ಮಾಡಿ, “ಸರ, ಇದು ಮುಂಗಾರಿಗೋ ಹಿಂಗಾರಿಗೋ?” ಎಂದು ಕೇಳಿದರು. ಇದು ಗೋವಿನಜೋಳದ ಮಾತಲ್ಲ, ಮನುಷ್ಯರ ಮಾತು; ವಾರದಲ್ಲಿ ಕೆಲವು ದಿನ ಮನೆಯಿಂದ, ಕೆಲವು ದಿನ ಆಫೀಸಿನಿಂದ ಕೆಲಸ ಮಾಡುವ ಮಿಶ್ರತಳಿಯ ಪದ್ಧತಿ ಎಂದು ನಾನು ವಿವರಿಸಿದೆ. ಅವರು, “ಅಂದ್ರ ಈಗ ಮನಷ್ಯಾರನ್ನೂ ಹೈಬ್ರಿಡ್ ಮಾಡಾಕತ್ತಾರ ಅನ್ರಿ” ಎಂದು ಫೋನಿಟ್ಟರು. ಹೈಬ್ರಿಡ್ ಬೀಜದ ಒಂದು ಲಕ್ಷಣವೆಂದರೆ ಅದನ್ನು ಕೂಡಿಟ್ಟು ಮುಂದಿನ ವರ್ಷ ಬಿತ್ತಲು ಬರುವುದಿಲ್ಲ, ಪ್ರತಿ ಹಂಗಾಮಿಗೂ ಹೊಸದನ್ನೇ ತರಬೇಕು. ಹೆಡ್ ಆಫೀಸಿನ ನಿಯಮಗಳೂ ಅದೇ ಜಾತಿಯವು.

ಇರಲಿ, ನನ್ನ ಮನೆಯ ಕಥೆಯನ್ನೇ ಮೊದಲು ಹೇಳಿಬಿಡುತ್ತೇನೆ. ‘ಮನೆಯಿಂದ ಕೆಲಸ’ ಮತ್ತು ‘ಮನೆಯ ಕೆಲಸ’ ಇವೆರಡರ ನಡುವೆ ಇರುವುದು ಒಂದು ವಿಭಕ್ತಿ ಪ್ರತ್ಯಯದ ಅಂತರ ಮಾತ್ರ, ಮತ್ತು ವ್ಯಾಕರಣದ ಇಂಥ ಸೂಕ್ಷ್ಮಗಳನ್ನು ಗೌರವಿಸುವ ಅಭ್ಯಾಸ ನನ್ನ ಹೆಂಡತಿಗೆ ಎಂದೂ ಇರಲಿಲ್ಲ. ನಾನು ಲ್ಯಾಪ್‌ಟಾಪ್ ತೆರೆದು, ಮುಖದ ಮೇಲೆ ಅಧಿಕಾರದ ಕಳೆ ತಂದುಕೊಂಡು ಕೂತ ಮೊದಲ ದಿನವೇ ಆಕೆ ಒಂದು ಬುಟ್ಟಿ ಅವರೆಕಾಯಿಯನ್ನು ಮುಂದಿಟ್ಟು, “ಹೆಂಗೂ ಖಾಲಿ ಕುಂತೀರಿ, ಇಷ್ಟ ಸುಲೀರಿ” ಎಂದಳು. ಓಣಿಯವರಂತೂ ನನ್ನ ನೌಕರಿ ಹೋಯಿತೆಂದೇ ನಂಬಿದರು. ಕೆಲವರು ಅನುಕಂಪದಿಂದ “ಪಗಾರ ಬರತೈತೇನ್ರಿ?” ಎಂದು ಕೇಳಿದರೆ, ಉಳಿದವರು ಸರ್ ಮನೆಯಲ್ಲೇ ಇರುತ್ತಾರಲ್ಲ ಎಂದು ತಮ್ಮ ಮನೆಯ ಕೀಲಿಕೈ, ಕೊರಿಯರ್, ಗ್ಯಾಸ್ ಸಿಲಿಂಡರುಗಳನ್ನು ನನ್ನ ವಶಕ್ಕೆ ಒಪ್ಪಿಸತೊಡಗಿದರು. ಹೀಗೆ ಮೂರು ತಾಲೂಕುಗಳ ಮುಂದಾಳು ಒಂದು ಓಣಿಯ ಕಾವಲುಗಾರನಾದ. ಆದರೂ ನಾನು ಗಂಡಸು, ಸಿಟ್ಟು ಬಂದಾಗ ಲ್ಯಾಪ್‌ಟಾಪ್ ಬಗಲಲ್ಲಿ ಹಿಡಿದು ಗೋಕಾಕದ ನನ್ನ ಕೋಣೆಗೆ ಹೋಗಿ ಕೂರಬಲ್ಲವನಾಗಿದ್ದೆ.

ಹಾಗೆ ಎದ್ದು ಹೋಗಲಾಗದವಳು ಸುಜಾತಾ. ಹುಕ್ಕೇರಿಯ ಕೋಣೆ ಆಕೆಯದು. ಕೃಷಿ ಡಿಪ್ಲೊಮಾ ಓದಿದವಳು; ಘೋಡಗೇರಿಯಲ್ಲಿ ಅತ್ತೆ, ಮಾವ, ಗಂಡ, ಮೈದುನರು, ಮಕ್ಕಳು, ಎಮ್ಮೆ ಎಲ್ಲ ತುಂಬಿದ ಮನೆಯ ಹಿರಿಯ ಸೊಸೆ. ದಿನಾ ಬಸ್ಸಿನಲ್ಲಿ ಹುಕ್ಕೇರಿಗೆ ಬಂದು, ಬಸ್ ನಿಲ್ದಾಣದ ಕಡೆ ಕಿಟಕಿಯಿರುವ ಆ ಪುಟ್ಟ ಕೋಣೆಯಲ್ಲಿ ಕೂತು, ರೈತರ ಫೋನುಗಳಿಗೆ ಉತ್ತರ ಕೊಡುತ್ತಿದ್ದಳು. ಹೈಬ್ರಿಡ್ ಪದ್ಧತಿ ಬಂದ ಮೇಲೆ ವಾರದ ಹೆಚ್ಚು ದಿನ ಅದೇ ಫೋನುಗಳಿಗೆ ಮನೆಯ ಪಡಸಾಲೆಯಿಂದ ಉತ್ತರಿಸಬೇಕಾಯಿತು. ಒಮ್ಮೆ ಕೌಜಲಗಿಯ ರೈತರೊಬ್ಬರು ಮೆಣಸಿನ ಗಿಡದ ಎಲೆಮುದುಡು ರೋಗದ ಬಗ್ಗೆ ಕೇಳುತ್ತಿದ್ದವರು, ಹಿಂದಿನಿಂದ ಎಮ್ಮೆಯ ದನಿ ಕೇಳಿ, “ಅಕ್ಕಾರ, ಹಿಂಡೂ ಹೊತ್ತಾಗೇತಿ, ಪಾಪ ಒದರಾಕತ್ತೈತಿ. ನೀವು ಹಿಂಡಿ ಬರ್ರಿ, ನಾ ಆಮ್ಯಾಲ ಫೋನ್ ಹಚ್ತೀನಿ” ಎಂದರಂತೆ. ಸುಜಾತಾ ಇದನ್ನು ನನಗೆ ನಗುತ್ತಲೇ ಹೇಳಿದಳು. ನಗು ಮುಗಿದ ಮೇಲೆ, ಹುಕ್ಕೇರಿಯ ಕೋಣೆಯನ್ನು ಪೂರ್ತಿ ಮುಚ್ಚುತ್ತಾರಂತೆ, ಖರೆಯೇ ಎಂದು ಕೇಳಿದಳು. ಖರೆಯೇ ಆಗಿತ್ತು.

ಮುಚ್ಚಲು ಅವರು ಕೊಟ್ಟ ಕಾರಣ ಕೇಳಿದರೆ ನಿಮಗೂ ನನ್ನಷ್ಟೇ ಸಿಟ್ಟು ಬರುತ್ತದೆ. ಹೆಡ್ ಆಫೀಸಿನಲ್ಲಿ ನೌಕರರ ಸೌಖ್ಯವನ್ನು ನೋಡಿಕೊಳ್ಳಲೆಂದೇ ಮೇಘನಾ ಎಂಬ ಹುಡುಗಿಯೊಬ್ಬಳಿದ್ದಾಳೆ. ಮೈಸೂರು ಕಡೆಯವಳು, ಮೃದುಭಾಷಿಣಿ, ಯಾರಿಗೂ ಕೆಟ್ಟದ್ದನ್ನು ಬಯಸದವಳು. ಆ ಹಳದಿ ಮುಖವೂ ಅವಳದೇ ಸೃಷ್ಟಿ. ಹಾಜರಿಯ ಹಳದಿ ಮುಖ ಮುಗಿದ ಮೇಲೆ ಸೋಮವಾರವೇ ವಿಡಿಯೊದಲ್ಲಿ ‘ಸೌಖ್ಯ ಸಭೆ’ ನಡೆಸಿ, ಅವಳು ಪ್ರತಿಯೊಬ್ಬರನ್ನೂ ಹೆಸರು ಹಿಡಿದು ಹೇಗಿದ್ದೀರಾ ಎಂದು ಕೇಳುತ್ತಾಳೆ. ಗೋಕಾಕ, ಮೂಡಲಗಿ, ಹುಕ್ಕೇರಿಗಳ ನಾವು ಪ್ರತಿ ವಾರವೂ ‘ಆರಾಮ’ ಎಂದೇ ಉತ್ತರಿಸಿದೆವು. ಮನೆಯಲ್ಲಿ ಎಲ್ಲರೂ ಆರಾಮವಾಗಿಯೇ ಇದ್ದಾರೆಂದ ಮೇಲೆ ಮೂರು ಕೋಣೆಗಳೇಕೆ, ಹುಕ್ಕೇರಿಯದನ್ನು ಮುಚ್ಚೋಣ ಎಂದು ಮೇಲಿನವರು ತೀರ್ಮಾನಿಸಿದರು. ಅಂದರೆ ನಮ್ಮ ಬಾಯಿಂದ ಬಂದ ಮಾತೇ ಸುಜಾತಾಳ ಕುರ್ಚಿಯನ್ನು ಎಳೆದು ಹಾಕಿತು.

ಈಗ ಈ ‘ಆರಾಮ’ ಎಂಬ ಶಬ್ದದ ಬಗ್ಗೆ ಎರಡು ಮಾತು ಹೇಳದೆ ವಿಧಿಯಿಲ್ಲ. ನಮ್ಮ ಕಡೆ ಇಬ್ಬರು ಎದುರಾದರೆ ಒಬ್ಬ ‘ಆರಾಮ?’ ಎನ್ನುತ್ತಾನೆ, ಇನ್ನೊಬ್ಬ ‘ಆರಾಮ’ ಎನ್ನುತ್ತಾನೆ. ಇದರಲ್ಲಿ ಮೊದಲನೆಯದು ಪ್ರಶ್ನೆಯಲ್ಲ, ಎರಡನೆಯದು ಉತ್ತರವಲ್ಲ. ಮನೆಯೊಳಗೆ ಬರುವ ಮುನ್ನ ಚಪ್ಪಲಿ ಕಳಚಿದಂತೆ ಇದೊಂದು ಶಿಷ್ಟಾಚಾರ. ಆಮೇಲೆ ಸ್ವಲ್ಪ ಹೊತ್ತು ಅತ್ತಿತ್ತ ನೋಡಿ ‘ಮತ್ತ?’ ಎನ್ನಬೇಕು. ಅಂದು ಸುಮ್ಮನಿರಬೇಕು. ಖರೆ ಮಾತು ಹೊರಡುವುದು ಆ ‘ಮತ್ತ’ದ ನಂತರವೇ. ನನ್ನ ಕಾಕಾ ಒಬ್ಬರು ಕಾಲು ಮುರಿದುಕೊಂಡು ಘಟಪ್ರಭಾದ ಆಸ್ಪತ್ರೆಯಲ್ಲಿ, ಕಾಲನ್ನು ಮೇಲಕ್ಕೆ ತೂಗುಹಾಕಿಸಿಕೊಂಡು ಮಲಗಿದ್ದಾಗ ನಾನು ಹೋಗಿ ಮಾತಾಡಿಸಿದರೆ, “ಆರಾಮ ಅದೀನೋ ತಮ್ಮಾ” ಎಂದೇ ಶುರುಮಾಡಿದ್ದರು. ‘ಮತ್ತ, ಕಾಕಾ?’ ಎಂದ ಮೇಲೆಯೇ ಅವರ ಕಣ್ಣಲ್ಲಿ ನೀರು ಬಂದದ್ದು. ಇನ್ನು ‘ಆರಾಮ ಇಲ್ಲ’ ಎಂಬುದನ್ನು ನಾವು ಹಗುರಾಗಿ ಬಳಸುವುದಿಲ್ಲ. ನಮ್ಮಲ್ಲಿ ಅದಕ್ಕೆ ಜಡ್ಡು ಬಿದ್ದಿದ್ದಾರೆ, ದವಾಖಾನೆಗೆ ಒಯ್ಯಬೇಕು ಎಂದರ್ಥ. ತುಂಗಭದ್ರೆಯ ಆಚೆ ಇದೇ ಶಬ್ದಕ್ಕೆ ಕಾಲು ಚಾಚಿ ವಿರಮಿಸುವುದೆಂಬ ಸುಖದ ಅರ್ಥವಿದೆ. ಸೌಖ್ಯ ಇಲಾಖೆಗೆ ಬೇಕಾಗಿದ್ದ ಒಂದೇ ಒಂದು ಶಬ್ದ ಇಡೀ ರಾಜ್ಯದಲ್ಲಿ ಹೀಗೆ ಹರಿದು ಹಂಚಿಹೋಗಿದೆ.

ನೀನಾದರೂ ಬಾಯಿ ಬಿಟ್ಟು ಹೇಳಬಾರದೇ ಎಂದು ನಾನು ಸುಜಾತಾಳನ್ನು ಗದರಿಸಿದ್ದುಂಟು. ಅವಳು, “ಸಭಾ ನಡಿಯೋದ ನಮ್ಮ ಪಡಸಾಲ್ಯಾಗ್ರಿ ಸರ. ಬಾಜೂಕ ಮಾವನಾರ ಕುಂತಿರ್ತಾರ, ಹಿಂದ ಅತ್ತಿ ಇರ್ತಾರ. ಮನ್ಯಾಗ ಕುಂತ ಮನಿ ಬ್ಯಾಡ ಅಂತ ಹೆಂಗ ಹೇಳ್ಲಿ?” ಎಂದಳು. ಸೌಖ್ಯವನ್ನು ವಿಚಾರಿಸುವ ಸಭೆಯು, ಯಾವ ಜಾಗದಲ್ಲಿ ಬಾಯಿ ಬಿಡಲಾಗದೋ ಅದೇ ಜಾಗಕ್ಕೆ ಬಂದು ಕೂರುತ್ತದೆ ಎಂಬುದು ಯಾವ ಜಾಣನಿಗೂ ಹೊಳೆದಿರಲಿಲ್ಲ, ನನ್ನನ್ನೂ ಸೇರಿಸಿ.

ಮುಂದಿನ ಸೋಮವಾರ ಮೇಘನಾ ಹುಕ್ಕೇರಿಯ ಕೋಣೆ ಬರುವ ತಿಂಗಳಿಂದ ಇರುವುದಿಲ್ಲವೆಂಬ ಸುದ್ದಿಯನ್ನು ಶುಭವಾರ್ತೆಯಂತೆ ಸಾರಿ, “ಸುಜಾತಾ ಅವರೇ, ನೀವು ಹೇಗಿದ್ದೀರಾ?” ಎಂದಳು. ಸುಜಾತಾ ತಲೆ ತಗ್ಗಿಸಿ, ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ, “ಆರಾಮ ಇಲ್ರಿ ಮೇಡಮ್” ಎಂದಳು.

ಅಷ್ಟೇ ಸಾಕಾಯಿತು. ಪರದೆಯ ಆ ಮೂಲೆಯಲ್ಲಿ ಅವಳ ಅತ್ತೆ “ಅಯ್ಯ ನಮ್ಮವ್ವ! ಈಗರೆ ರೊಟ್ಟಿ ಬಡಿಯೂ ಮುಂದ ಛಲೋ ಇದ್ದಿ, ಏನಾತು?” ಎಂದು ಓಡಿ ಬಂದು ಹಣೆ ಮುಟ್ಟಿ ನೋಡಿದರು. ಯಾರೋ ಕಂಬಳಿ ತಂದು ಹೊದಿಸಿದರು. ಮಾವ “ಗಾಡಿ ತಗೀರಿ, ದವಾಖಾನಿಗೆ ಹೋಗೂಣು” ಎಂದು ಎದ್ದು ನಿಂತರು. ಇತ್ತ ಮೇಘನಾಳಿಗೆ ಇದಾವುದರ ತಲೆಬುಡವೂ ತಿಳಿಯದೆ, ಅಕ್ಕರೆಯಿಂದ, “ಯಾರಿಗಿದೆ ಹೇಳಿ ಆರಾಮ! ಅದಕ್ಕೇ ಈ ಬದಲಾವಣೆ. ಬಸ್ಸಿಲ್ಲ, ಓಡಾಟ ಇಲ್ಲ, ಇನ್ನು ನಿಮಗೆ ಆರಾಮವೋ ಆರಾಮ” ಎಂದಳು. ಸುಜಾತಾ ಹೇಳಹೊರಟದ್ದು ಮೈಯ ಬೇನೆಯನ್ನೂ ಅಲ್ಲ, ಪುರುಸೊತ್ತಿಲ್ಲದ್ದನ್ನೂ ಅಲ್ಲ. ಮನಸ್ಸಿಗೆ ನೆಮ್ಮದಿಯಿಲ್ಲ ಎಂಬ ಮೂರನೆಯ ಸಂಗತಿಯನ್ನು. ಮನೆಯವರು ಒಂದರ್ಥ ಹಿಡಿದರು, ಕಂಪನಿ ಇನ್ನೊಂದನ್ನು ಹಿಡಿಯಿತು. ನಡುವೆ ಆ ಹೆಣ್ಣುಮಗಳು ಕಂಬಳಿಯೊಳಗೆ ಸಿಕ್ಕಿಕೊಂಡಳು.

ನಾನು ತಡೆಯಲಾರದೆ ಮೈಕ್ ಒತ್ತಿದೆ. ಅದೇ ಗಳಿಗೆಗೆ ನನ್ನ ಬಾಗಿಲಲ್ಲಿ ಸಿಲಿಂಡರಿನವನು “ಸರ, ಬಾಜೂ ಮನೀದು ಎಲ್ಲಿಡ್ಲ್ರಿ?” ಎಂದು ಕೂಗಿದ್ದು ಇಡೀ ಕಂಪನಿಗೆ ಕೇಳಿಸಿತು. ಹಿತ್ತಲಲ್ಲಿ ಇಡು ಎಂದು ನಾನು ಹೇಳಿದ್ದೂ ಕೇಳಿಸಿತು. ಆಮೇಲೆ ಆರಾಮ ಶಬ್ದದ ನಾನಾರ್ಥಗಳನ್ನು ವಿವರಿಸಲು ತೊಡಗಿ, ಕಾಕಾನ ಕಾಲಿನವರೆಗೆ ಬರುವಷ್ಟರಲ್ಲಿ ಮೇಲಿನ ಸಾಹೇಬರೊಬ್ಬರು, “ಒಳ್ಳೆಯ ವಿಷಯ, ಇದನ್ನು ಪ್ರತ್ಯೇಕವಾಗಿ ಮಾತಾಡೋಣ” ಎಂದರು. ಆಫೀಸುಗಳಲ್ಲಿ ಪ್ರತ್ಯೇಕವಾಗಿ ಎಂದರೆ ಎಂದೆಂದಿಗೂ ಇಲ್ಲ ಎಂದು ತಿಳಿಯಬೇಕು. ಆ ವಾರದ ‘ಸೌಖ್ಯ’ದ ಕಾಣಿಕೆಯಾಗಿ ನಮಗೆಲ್ಲ ದೀರ್ಘವಾಗಿ ಉಸಿರಾಡುವುದು ಹೇಗೆಂಬ ವಿಡಿಯೊ ಬಂತು. ನಾನು ದೀರ್ಘವಾಗಿಯೇ ಉಸಿರಾಡುತ್ತಿದ್ದೆ, ಸಿಟ್ಟಿನಿಂದ. ಸುಜಾತಾಳನ್ನು ಮನೆಯವರು ಎರಡು ದಿನ ಗಂಜಿ ಕುಡಿಸಿ ಮಲಗಿಸಿದರಂತೆ. “ಮದಿವಿ ಆದಾಗಿಂದ ಮೊದಲನೇ ಸಲ ಯಾರೂ ಕೆಲಸಕ್ಕ ಕರೀಲಿಲ್ರಿ ಸರ. ಆದ್ರ ಫೋನೂ ಮುಟ್ಟಾಕ ಬಿಡಲಿಲ್ಲ” ಎಂದು ಮೂರನೆಯ ದಿನ ಫೋನಿನಲ್ಲಿ ಪಿಸುಗುಟ್ಟಿದಳು.

ಕೋಣೆಯ ಕೀಲಿಯನ್ನು ಮಾಲೀಕರಿಗೆ ಒಪ್ಪಿಸಲು ಮೇಘನಾ ಖುದ್ದಾಗಿ ಬರುವಳೆಂದು ತಿಳಿದಾಗ ನಾನು ಭಾಷಣವೊಂದನ್ನು ಸಿದ್ಧಮಾಡಿಕೊಂಡೆ. ಘಟಪ್ರಭಾ ಸ್ಟೇಶನ್ನಿನಲ್ಲಿ ಇಳಿಸಿಕೊಂಡು ಹುಕ್ಕೇರಿಯವರೆಗೆ ದಾರಿಯುದ್ದಕ್ಕೂ ಅವಳಿಗೆ ನಾಯಕತ್ವದ ಮರ್ಮವನ್ನು ಬೋಧಿಸುವುದೆಂದು ನಿಶ್ಚಯಿಸಿದ್ದೆ. ಆದರೆ ನಮ್ಮ ಗಾಡಿಯ ಮುಂದೆ ಜೋಡಿ ಟ್ರೇಲರಿನ ಕಬ್ಬಿನ ಟ್ರ್ಯಾಕ್ಟರು, ಅದರ ಮೇಲೆ ಕಿವಿ ಕಿತ್ತುಹೋಗುವ ಹಾಡು. ನನ್ನ ಬೋಧನೆಯಲ್ಲಿ ಒಂದಕ್ಷರವೂ ಅವಳಿಗೆ ಕೇಳಿಸಲಿಲ್ಲ. ಸೋತು, ಉಪಚಾರಕ್ಕೆಂದು ತಂದಿದ್ದ ಕರದಂಟಿನ ಡಬ್ಬಿಯನ್ನು ಅವಳ ಕೈಗಿಟ್ಟೆ.

ಹುಕ್ಕೇರಿಯಲ್ಲಿ ಸುಜಾತಾ ಮೊದಲೇ ಬಂದು ಕೋಣೆಯ ಕಸ ಗುಡಿಸಿ, ಮೇಜು ಒರೆಸಿ ಇಟ್ಟಿದ್ದಳು, ಮುಚ್ಚುವ ಕೋಣೆಯೆಂಬುದನ್ನು ಮರೆತವಳಂತೆ. ಮೇಘನಾ ಹೇಗಿದ್ದೀರಾ ಎಂದಳು, ಅವಳು ಆರಾಮ ರಿ ಎಂದಳು. ಕರೆಂಟು ಹೋಯಿತು. ಮನೆಯಿಂದ ಕೆಲಸದ ಲಾಭಗಳನ್ನು ತೋರಿಸಲು ಮೇಘನಾ ತಂದಿದ್ದ, ಬ್ಯಾಟರಿ ಸತ್ತ ಲ್ಯಾಪ್‌ಟಾಪ್ ಕಣ್ಣು ಮುಚ್ಚಿತು. ಏನೂ ತೋಚದೆ ಮೇಘನಾ ಕರದಂಟಿನ ದೊಡ್ಡ ತುಂಡೊಂದನ್ನು ಬಾಯಿಗೆ ಹಾಕಿಕೊಂಡು, ಏನಾದರೂ ಮಾತಾಡಬೇಕಲ್ಲ ಎಂಬಂತೆ “ಮತ್ತೆ?” ಎಂದಳು.

ಗೋಕಾಕದ ಕರದಂಟನ್ನು ತಿಂದು ಗೊತ್ತಿದ್ದವರಿಗೆ ಮುಂದಿನದನ್ನು ವಿವರಿಸಬೇಕಿಲ್ಲ. ಬೆಲ್ಲ, ಅಂಟು, ಒಣಹಣ್ಣುಗಳು ಸೇರಿ ಹಲ್ಲಿಗೆ ಹಲ್ಲನ್ನು ಹಿಡಿದು ನಿಲ್ಲಿಸುವ ತಿನಿಸು ಅದು. ಮೇಘನಾಳಿಗೆ ಸಲಹೆ ಕೊಡಲಾಗಲಿಲ್ಲ, ಸಮಾಧಾನ ಹೇಳಲಾಗಲಿಲ್ಲ, ಅರ್ಥವಾಯಿತು ಎನ್ನಲೂ ಆಗಲಿಲ್ಲ. ಬಾಯಿ ಆಡಿಸುತ್ತ, ಕಣ್ಣರಳಿಸಿ ನೋಡುತ್ತ ಕೂತಳು. ಅಷ್ಟು ಹೊತ್ತು ಮೇಲಿನವರು ಯಾರೂ ತನ್ನ ಮುಂದೆ ಸುಮ್ಮನೆ ಕೂತದ್ದನ್ನು ಸುಜಾತಾ ಕಂಡಿರಲಿಲ್ಲ.

“ಮೇಡಮ್, ನಮ್ಮ ಮನ್ಯಾಗ ಎಲ್ಲಾರೂ ಛಲೋ ಅದಾರ್ರಿ” ಎಂದು ಅವಳು ನಿಧಾನಕ್ಕೆ ಶುರುಮಾಡಿದಳು. “ಕೆಟ್ಟವರಿದ್ರ ಜಗಳಾ ಮಾಡ್ಬಹುದಿತ್ತು. ಒಬ್ಬರು ನೀರ ಕೇಳ್ತಾರ, ಒಬ್ಬರು ಚಾ ಕೇಳ್ತಾರ, ಕೂಸು ಅಳತೈತಿ. ನಾ ಎದ್ದ ಹೋಗ್ತೀನಿ. ತಿರಗಿ ಬಂದ ಫೋನ್ ಹಿಡದ್ರ ಎದಿ ಢವಢವ ಅಂತೈತಿ, ರೈತರಿಗೆ ಏನ ಹೇಳಾಕತ್ತಿದ್ದೆ ಅನ್ನೋದ ನೆನಪಿರೂದಿಲ್ಲ. ಮೊನ್ನೆ ಒಬ್ಬರಿಗೆ ತಪ್ಪ ಔಷಧ ಹೇಳಿ, ಮತ್ತ ಫೋನ್ ಮಾಡಿ ತಿದ್ದೀನಿ. ರಾತ್ರಿ ನಿದ್ದಿ ಬರಲಿಲ್ಲ. ಅಲ್ಲಿ ನಾ ಸೊಸಿ, ಅವ್ವ, ವೈನಿ. ಈ ಕುರ್ಚಿ ಮ್ಯಾಲ ಕುಂತಾಗ ಅಷ್ಟ ನಾ ಸುಜಾತಾ. ಇದೊಂದ ತಗೀಬ್ಯಾಡ್ರಿ.”

ಮೇಘನಾಳ ಕಣ್ಣು ತುಂಬಿತು. ಬಾಯಿ ಹೇಗೂ ತುಂಬಿತ್ತು. ನುಂಗಿದ ಮೇಲೆ ಅವಳು ಯಾವ ಶ್ವಾಸದ ವ್ಯಾಯಾಮವನ್ನೂ ಹೇಳಲಿಲ್ಲ. “ನಾನು ಇಡೀ ದಿನ ಒಂದು ಬಾಡಿಗೆ ರೂಮಿನಲ್ಲಿ ಒಬ್ಬಳೇ ಕೂತು ಎಲ್ಲರನ್ನೂ ಹೇಗಿದ್ದೀರಾ ಅಂತ ಕೇಳ್ತೀನಿ ಅಕ್ಕ. ಯಾರೂ ಇಷ್ಟು ಹೇಳಿರಲಿಲ್ಲ” ಎಂದಷ್ಟೇ ಅಂದಳು. ಆದರೆ ಆಮೇಲೆ ಅವಳು, ಮೂರರಲ್ಲಿ ಒಂದು ಕೋಣೆಯನ್ನು ಮುಚ್ಚಲೇಬೇಕು, ಅದು ತನ್ನ ಕೈಯಲ್ಲಿಲ್ಲ ಎಂದು ಪ್ರಾಮಾಣಿಕವಾಗಿ ಹೇಳಿದಾಗ ನನ್ನ ಪಿತ್ತ ನೆತ್ತಿಗೇರಿತು. “ಹಂಗಾದ್ರ ನಂದ ಮುಚ್ಚರಿ!” ಎಂದು ಮೇಜು ಗುದ್ದಿದೆ. ಓದುಗರೇ, ಇದನ್ನು ತ್ಯಾಗವೆಂದು ದಯವಿಟ್ಟು ಭ್ರಮಿಸಬೇಡಿ. ಸಿಟ್ಟಿನಲ್ಲಿ ‘ಹಂಗಾದ್ರ ನಾ ಊಟ ಮಾಡೂದಿಲ್ಲ’ ಎನ್ನುವವನು, ಮನೆಯವರು ಬಂದು ರಮಿಸಲಿ ಎಂದೇ ಅನ್ನುತ್ತಾನೆ. ಛೇ ಛೇ, ನಿಮ್ಮದನ್ನು ಮುಚ್ಚುವುದುಂಟೇ ಸರ್ ಎಂಬ ಮಾತಿಗಾಗಿ ನಾನು ಕಾಯುತ್ತಿದ್ದೆ. ಅದು ಬರಲಿಲ್ಲ. ನನ್ನ ಕೋಣೆಯ ಕೆಟ್ಟ ಫ್ಯಾನನ್ನು ಬದಲಿಸಲು ವರ್ಷಗಟ್ಟಲೆ ತೆಗೆದುಕೊಂಡ ಕಂಪನಿ, ಕೋಣೆಯನ್ನೇ ಮುಚ್ಚಲು ಒಂದು ವಾರವನ್ನೂ ತೆಗೆದುಕೊಳ್ಳಲಿಲ್ಲ.

ಹೀಗೆ ಹುಕ್ಕೇರಿಯ ಕಿಟಕಿ ಸುಜಾತಾಳಿಗೆ ಎಲ್ಲ ದಿನಕ್ಕೂ ಉಳಿಯಿತು, ಗೋಕಾಕದ ಬಾಗಿಲು ಮುಚ್ಚಿತು. ಈಗ ನಾನು ಎಲ್ಲ ದಿನವೂ ಮನೆಯಲ್ಲಿದ್ದೇನೆ. ಅವರೆಕಾಯಿಯ ಕಾಲ ಮುಗಿದು ಶೇಂಗಾದ ಕಾಲ ಬಂದಿದೆ. ಓಣಿಯ ಕೀಲಿಕೈಗಳಿಗೆಂದು ನನ್ನ ಹೆಂಡತಿ ಗೋಡೆಗೆ ಮೊಳೆಗಳ ಸಾಲನ್ನೇ ಹೊಡೆದುಕೊಟ್ಟಿದ್ದಾಳೆ. ಹೆಡ್ ಆಫೀಸಿನವರು ನನ್ನನ್ನು ‘ಮನೆಯಿಂದ ಕೆಲಸ’ದ ಮಾದರಿ ಮುಂದಾಳೆಂದು ಹೊಗಳಿದರೆಂದು ಕೇಳಿದೆ. ಕೇಳಿದ ದಿನ ಮಧ್ಯಾಹ್ನದ ಊಟ ರುಚಿಸಲಿಲ್ಲ.

ಮೊನ್ನೆ ಸೋಮವಾರವೂ ಹಳದಿ ಮುಖ ಬಂದು ಹೇಗಿದ್ದೀರಿ ಎಂದಿತು. ಒತ್ತಬೇಕೆಂದು ಬೆರಳೆತ್ತಿದ್ದೆ, ಅಷ್ಟರಲ್ಲಿ ಹುಕ್ಕೇರಿಯಿಂದ ಫೋನು ಬಂತು. ಹಿನ್ನೆಲೆಯಲ್ಲಿ ಎಮ್ಮೆಯ ದನಿಯಿರಲಿಲ್ಲ, ಬಸ್ಸುಗಳ ಹಾರ್ನ್ ಇತ್ತು.

“ಸರ, ಆರಾಮ ಅದೀರಿ?” ಎಂದಳು ಸುಜಾತಾ.

“ಆರಾಮ ಅದೀನವಾ” ಎಂದೆ.

ಸ್ವಲ್ಪ ಹೊತ್ತು ಬರೀ ಹಾರ್ನ್ ಕೇಳಿಸಿತು. ಆಮೇಲೆ ಅವಳು, “ಮತ್ತ?” ಎಂದಳು.

ನಾನು ಮೊಳೆಗಳ ಸಾಲನ್ನು ನೋಡಿದೆ, ಶೇಂಗಾದ ಬುಟ್ಟಿಯನ್ನು ನೋಡಿದೆ. ಹೊರಗೆ ಯಾರೋ ಸರ್ ಮನೆಯಲ್ಲಿದ್ದಾರೆಯೇ ಎಂದು ವಿಚಾರಿಸುತ್ತಿದ್ದರು. ಅತ್ತ ಕಡೆ ಅವಳು ಒಂದು ಮಾತನ್ನೂ ಆಡದೆ ಕಾದಳು, ಬಾಯಲ್ಲಿ ಕರದಂಟೂ ಇಲ್ಲದೆ.

“ಸುಜಾತಾ, ನಿನ್ನ ರೂಮಿನ್ಯಾಗ ಇನ್ನೊಂದ ಕುರ್ಚಿ ಹಾಕಾಕ ಜಾಗಾ ಐತೇನವಾ?”

“ಬರ್ರಿ ಸರ. ಕಿಟಕಿ ಬಾಜೂದ ಮಾತ್ರ ನಂದು.”

ಹಳದಿ ಮುಖ ಇನ್ನೂ ಉತ್ತರಕ್ಕಾಗಿ ಮಿನುಗುತ್ತಿತ್ತು. ನಾನು ಅದನ್ನು ಹಾಗೆಯೇ ಬಿಟ್ಟು, ಲ್ಯಾಪ್‌ಟಾಪನ್ನು ಬಗಲಿಗಿಟ್ಟುಕೊಂಡು, ಹುಕ್ಕೇರಿಯ ಬಸ್ಸು ಹಿಡಿಯಲು ಹೊರಟೆ. ಅಂದಿನ ಹಾಜರಿ ಬೀಳಲಿಲ್ಲ.